ನಡುಮನೆಗೆ ಎರಡು ಕಾರ್ಪೆಟ್ಟು

ಗಂಗಾದೇವಿಯ ನಡುಮನೆಗೆ ಮೊಟ್ಟೆಯಾಕಾರದ ಎರಡು ದೊಡ್ಡ ಕಾರ್ಪೆಟ್ಟು ಬಂದದ್ದು ಅಂದಚಂದಕ್ಕಲ್ಲ. ಹಿಂದೂಪುರದ ಆ ಬೀದಿಯಲ್ಲಿ ಯಾರ ಮನೆಯಲ್ಲೂ ಅಂಥದ್ದಿರಲಿಲ್ಲ, ಇರಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ. ಅವು ಬಂದದ್ದು ಗುಂಡಿ ಮುಚ್ಚಲಿಕ್ಕೆ.

ಗುಂಡಿ ಎಂದರೆ ಮಗ್ಗದ ಗುಂಡಿ, ಮನೆಯ ನೆಲದಲ್ಲೇ ತೋಡಿದ್ದು. ನೇಯುವವರು ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ ನೇಯಬೇಕು. ಗಂಗಾದೇವಿ ಮದುವೆಯಾಗಿ ಬಂದ ವರ್ಷ ಅದರೊಳಗೆ ಕಾಲಿಳಿಸಿದವಳು ಮೂವತ್ತೊಂದು ವರ್ಷ ಎತ್ತಲಿಲ್ಲ ಅನ್ನಿ. ಗಂಡ ತೀರಿಕೊಂಡ ಮೇಲೂ ನೇಯ್ದಳು, ನೇಯ್ದೇ ಮಗಳು ಯಶೋದಾಳನ್ನು ಓದಿಸಿದಳು. ಮಗಳಿಗೆ ಪೆನುಕೊಂಡದ ಹತ್ತಿರದ ಕಾರು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದೇ ತಡ, ಇನ್ನು ಸಾಕು ಎಂದು ಮಗ್ಗ ಬಿಚ್ಚಿಸಿದಳು. ಗುಂಡಿಗೆ ಮಣ್ಣು, ಒಡೆದ ಇಟ್ಟಿಗೆ ತುಂಬಿಸಿ ಮೇಲೆ ಟೈಲ್ಸ್ ಹಾಕಿಸಿದಳು. ಗೋಡೆಗೆ ಒಂದು ಸೋಫಾ ಬಂತು.

ಅಲ್ಲಿಂದ ಶುರುವಾಯಿತು ನೋಡಿ ಕಾಟ. ಮೊದಲನೆಯದು ಅವಳ ಕಾಲಿನದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರೆ ಮಂಡಿ ಹಿಡಿಯುತ್ತದೆ, ಸೋಫಾದಲ್ಲಿ ಕೂತರೆ ಪಾದ ಊದುತ್ತದೆ. ಕಾಲನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯದಾಯಿತು. ಅದನ್ನಾದರೂ ಸಹಿಸಬಹುದಿತ್ತು, ನೆಲದ್ದು ಅದಕ್ಕಿಂತ ಹೆಚ್ಚಾಯಿತು. ತುಂಬಿಸಿದ ಮಣ್ಣು ಕುಸಿಯುತ್ತಲೇ ಹೋಯಿತು. ಮೇಸ್ತ್ರಿ ಜಯಣ್ಣ ಎರಡು ಸಲ ಟೈಲ್ಸ್ ಕಿತ್ತು ಹಾಕಿದ. ಮೂರನೆಯ ಸಲ ಕರೆದಾಗ, ಮಣ್ಣು ತಾನಾಗಿ ಕೂರಬೇಕು, ಇನ್ನೊಂದು ಮಳೆಗಾಲ ಹೋಗಲಿ ಎಂದು ಜಾರಿಕೊಂಡ.

ಗೋರಂಟ್ಲದಿಂದ ಹೆಣ್ಣು ನೋಡಲು ಬಂದವರು ಮಳೆಗಾಲದವರೆಗೆ ಕಾಯುತ್ತಾರೆಯೇ? ಹುಡುಗನ ದೊಡ್ಡಪ್ಪ ತೂಕದ ಮನುಷ್ಯ. ಕಾಫಿ ಲೋಟ ಹಿಡಿದು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದಾನೋ ಇಲ್ಲವೋ, ಟೈಲ್ಸ್ ಒಡೆದು ಒಂದು ಕಾಲು ಮೊಣಕಾಲವರೆಗೆ ಒಳಗೆ ಹೋಯಿತು. ನಾಲ್ಕು ಜನ ಸೇರಿ ಎತ್ತಿದರು, ತರಚಿದ ಕಡೆ ಅರಿಶಿನ ಮೆತ್ತಿ ಕಳಿಸಿದರು. ಸಂಜೆಗೆ ಫೋನ್ ಬಂತು, ನೆಲವೇ ಬಾಯಿಬಿಟ್ಟ ಮನೆಯ ಸಂಬಂಧ ತಮಗೆ ಬೇಡವಂತೆ. ಯಶೋದಾಳಿಗೆ ಆಗಲೇ ಇಪ್ಪತ್ತೊಂಬತ್ತು. ಗಂಗಾದೇವಿ ಅವತ್ತು ಅತ್ತಳು. ಅಳುತ್ತಾ ಗೋರಂಟ್ಲದವರನ್ನು ಬೈಯಲಿಲ್ಲ, ಗುಂಡಿಯನ್ನು ಬೈದಳು.

ಆಮೇಲೆ ಅವಳ ತಮ್ಮ ತಿರುಮಲೇಶ್ ಕಲ್ಯಾಣದುರ್ಗದ ಸಂಬಂಧ ತಂದ. ಹುಡುಗ ಆನಂದಕುಮಾರ್, ಅಲ್ಲಿ ರೆಡಿಮೇಡ್ ಬಟ್ಟೆಯಂಗಡಿ ಇಟ್ಟವನು. ಯಶೋದಾ ಅವನ ಜೊತೆ ಫೋನಿನಲ್ಲಿ ಮಾತಾಡಿದಳು, ಎರಡು ವಾರ ಮಾತಾಡುತ್ತಲೇ ಇದ್ದಳು. ಹುಟ್ಟಿದಾಗಿನಿಂದ ಇಂಥದ್ದು ಬೇಕು ಎಂದು ಕೇಳದ ಹುಡುಗಿ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಹೇಳಿದಳು.

“ಇದೊಂದು ಕೆಡಬಾರ್ದು ಕಣಮ್ಮ.”

ನಡುಮನೆ ಸಿಂಗರಿಸುವ ಕೆಲಸವನ್ನು ಯಶೋದಾಳೇ ವಹಿಸಿಕೊಂಡಳು. ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿದ್ದಳು. ಚೌಕದ ಕಾರ್ಪೆಟ್ಟಿನ ಮೂಲೆ ಮಡಚಿಕೊಂಡು ಕಾಲಿಗೆ ತೊಡರುತ್ತದೆ, ಮೊಟ್ಟೆಯಾಕಾರದ್ದಾದರೆ ಮೂಲೆಯೇ ಇಲ್ಲ. ಸೋಫಾದ ಮುಂದಿನ ಕಾಲೆರಡು ಅದರ ಮೇಲಿರಬೇಕು, ಹಿಂದಿನವು ನೆಲದ ಮೇಲೆ. ಹಾಗೆಯೇ ಆಯಿತು. ಕುಸಿದ ಜಾಗಕ್ಕೆ ಹಲಗೆ, ಹಲಗೆಯ ಮೇಲೆ ಮೆರೂನ್ ಬಣ್ಣದ ಕಾರ್ಪೆಟ್ಟು, ನಟ್ಟನಡುವೆ ಟೀಪಾಯಿ, ಅದರ ಮೇಲೆ ಹಿತ್ತಾಳೆ ಹೂಜಿ. ಟೀಪಾಯಿ ಇದ್ದ ಕಡೆ ಯಾವ ದೊಡ್ಡಪ್ಪನೂ ನಡೆಯುವಂತಿಲ್ಲ. ಎರಡನೆಯ ಕಾರ್ಪೆಟ್ಟು ಯಾಕೆ ಎಂದು ಗಂಗಾದೇವಿ ಕೇಳಿದ್ದಕ್ಕೆ, ಒಂದೇ ಇದ್ದರೆ ಏನೋ ಮುಚ್ಚಿಟ್ಟ ಹಾಗಿರುತ್ತದೆ, ಎರಡಿದ್ದರೆ ಶೋಕಿಗೆ ಅಂದುಕೊಳ್ಳುತ್ತಾರೆ ಎಂದಳು ಮಗಳು. ಅದನ್ನು ಬಾಗಿಲ ಪಕ್ಕದಲ್ಲಿ ಹಾಸಿದರು.

ಗುರುವಾರ ಕಲ್ಯಾಣದುರ್ಗದವರು ಬಂದರು. ಹುಡುಗನ ಅಪ್ಪ ಕೇಶವಯ್ಯ ಸಣಕಲು ಮನುಷ್ಯ, ಮಾತು ಕಡಿಮೆ. ಒಳಗೆ ಬಂದವನು ಸೋಫಾದ ಮುಂದಿನ ಕಾರ್ಪೆಟ್ಟು ನೋಡಿದ, ಟೀಪಾಯಿ ನೋಡಿದ, ಕಿಟಕಿಯ ಕಡೆ ನೋಡಿದ. ಪಂಚೆಯನ್ನು ಒಂದಿಷ್ಟು ಎತ್ತಿ ಹಿಡಿದು, ಕಾರ್ಪೆಟ್ಟಿನ ಅಂಚನ್ನೂ ಮುಟ್ಟದೆ ಸುತ್ತಿ ಬಂದು ಆಚೆಯ ಕುರ್ಚಿಯಲ್ಲಿ ಕೂತ. ಹೋಗುವಾಗಲೂ ಹಾಗೇ ಸುತ್ತಿಕೊಂಡೇ ಹೋದ. ಅವನ ಹೆಂಡತಿ ಪದ್ಮಾವತಮ್ಮ ಮಾತ್ರ ಬಗ್ಗಿ ಕಾರ್ಪೆಟ್ಟನ್ನು ಸವರಿ, ಯಾವ ಅಂಗಡಿಯದು ಎಂದು ಎರಡೆರಡು ಸಲ ಕೇಳಿದಳು.

ಮುಗೀತು, ಅವನಿಗೆ ಗೊತ್ತಾಗಿಹೋಯಿತು ಎಂದುಕೊಂಡಳು ಗಂಗಾದೇವಿ. ನಾಲ್ಕು ದಿನ ಫೋನಿಲ್ಲ. ಯಶೋದಾ ಊಟದ ನಡುವೆಯೂ ಫೋನ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಗಂಗಾದೇವಿ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು. ಐದನೆಯ ದಿನ ಪದ್ಮಾವತಮ್ಮನೇ ಫೋನ್ ಮಾಡಿ, ಒಮ್ಮೆ ಬಂದು ನಮ್ಮ ಮನೆ ನೋಡಿಕೊಂಡು ಹೋಗಿ ಎಂದಳು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಿ ಒಪ್ಪಿದರೆ ಅಲ್ಲೇ ತಾಂಬೂಲ.

ಅಕ್ಕ ತಮ್ಮ ಇಬ್ಬರೂ ಬಸ್ಸು ಹತ್ತಿ, ಪೆನುಕೊಂಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಕಲ್ಯಾಣದುರ್ಗ ಸೇರಿದರು. ಹೊಸಿಲು ದಾಟಿದ ಗಂಗಾದೇವಿ ಅಲ್ಲೇ ನಿಂತಳು. ನಡುಮನೆಯಲ್ಲಿ ಮೊಟ್ಟೆಯಾಕಾರದ ಕಾರ್ಪೆಟ್ಟು, ಅದೇ ಮೆರೂನ್. ಸೋಫಾದ ಮುಂದಿನ ಕಾಲೆರಡು ಅದರ ಮೇಲೆ, ನಟ್ಟನಡುವೆ ಟೀಪಾಯಿ. ಅವಳು ಹೆಜ್ಜೆ ಎತ್ತಿದ್ದೇ ಪದ್ಮಾವತಮ್ಮ ಅವಸರದಲ್ಲಿ ಎದುರು ಬಂದು, ಆಗಲೇ ಅತ್ತಿಗೆಯೆಂದು ಕರೆದು ತೋಳು ಹಿಡಿದಳು.

“ಇತ್ಲಾಗಿಂದ ಸುತ್ತಾಕ್ಕೊಂಡು ಬನ್ನಿ ವದಿನಾ.”

ಗಂಗಾದೇವಿ ಸುತ್ತಿಕೊಂಡು ಹೋಗಿ ಕೂತಳು. ತಿರುಮಲೇಶ್ ಕೇಶವಯ್ಯನ ಹತ್ತಿರ ಅಂಗಡಿಯ ವ್ಯಾಪಾರ ಹೇಗೆ, ನೀರಿನ ಅನುಕೂಲ ಹೇಗೆ ಎಂದು ವಿಚಾರಿಸುತ್ತಿದ್ದ. ಅವಳ ಕಣ್ಣು ಮಾತ್ರ ಟೀಪಾಯಿಯ ಮೇಲೇ ಇತ್ತು. ಕಿಟಕಿಯ ಬೆಳಕು ನೇರವಾಗಿ ಅದರ ಮೇಲೆ ಬಿದ್ದಿತ್ತು. ಇನ್ನು ತಡೆಯಲಾಗಲಿಲ್ಲ.

“ನಮ್ಮನೇದು ತುಂಬ್ಸಿ ಒಂದೂವರೆ ವರ್ಷ ಆಯ್ತು ಅಣ್ಣ. ನಿಮ್ದು ಯಾವಾಗ ತುಂಬ್ಸಿದ್ರಿ?”

ಪದ್ಮಾವತಮ್ಮನ ಮುಖ ಸಣ್ಣದಾಯಿತು. ಕೇಶವಯ್ಯ ನಕ್ಕುಬಿಟ್ಟ.

“ನಿಮ್ಮ ಟೀಪಾಯಿ ನೋಡ್ದೇಟ್ಗೇ ತಿಳೀತು ಕಣಮ್ಮ. ಕಿಟಕಿ ಬೆಳಕು ಬೀಳೋದು ಅಲ್ಲಿ. ಮಗ್ಗ ಇನ್ನೆಲ್ಲಿ ಹಾಕ್ತಾರೆ?”

ಆಮೇಲೆ ಎಲ್ಲ ಹೊರಬಿತ್ತು. ಆನಂದಕುಮಾರನಿಗೆ ಈ ಮೊದಲು ಎರಡು ಹೆಣ್ಣು ತಪ್ಪಿಹೋಗಿದ್ದವು. ಗುಂಡಿ ನೋಡಿದವರು, ಮದುವೆಯಾದ ಮಾರನೆಯ ದಿನವೇ ನಮ್ಮ ಹುಡುಗಿಯನ್ನು ಅದರೊಳಗೆ ಇಳಿಸುತ್ತೀರಿ ಎಂದು ಎದ್ದು ಹೋಗಿದ್ದರಂತೆ. ಹಿಂದೂಪುರದಲ್ಲಿ ಕಾರ್ಪೆಟ್ಟು ಕಂಡ ಪದ್ಮಾವತಮ್ಮ, ಅದೇ ಅಂಗಡಿಯಿಂದ ಅದೇ ತರಿಸಿ ಎಂದು ಗಂಡನ ಪ್ರಾಣ ತಿಂದಿದ್ದಳು. ಅದು ಬಂದು ಸೇರಲಿಕ್ಕೆ ನಾಲ್ಕು ದಿನ ಹಿಡಿದಿತ್ತು. ಅದು ಬರುವವರೆಗೆ ಬೀಗರನ್ನು ಹೇಗೆ ಕರೆಯುವುದು? ತಾನು ನಿದ್ದೆಗೆಟ್ಟ ಆ ನಾಲ್ಕು ದಿನವನ್ನು ನೆನೆದು ಗಂಗಾದೇವಿಗೆ ನಗುವೂ ಬಂತು, ಸಿಟ್ಟೂ ಬಂತು.

“ಆದ್ರೆ ನಮ್ದು ತುಂಬ್ಸಿಲ್ಲಮ್ಮ,” ಎಂದ ಕೇಶವಯ್ಯ. “ಮನಸ್ಸು ಬರ್ಲಿಲ್ಲ.”

ಟೀಪಾಯಿ ಸರಿಸಿ, ಕಾರ್ಪೆಟ್ಟು ಸುತ್ತಿ ಗೋಡೆಗೆ ಒರಗಿಸಿ, ಹಲಗೆಗಳನ್ನು ಎತ್ತಿದ. ಮಗ್ಗವಿಲ್ಲ, ಗುಂಡಿ ಇದ್ದ ಹಾಗೇ ಇದೆ. ಗುಡಿಸಿ ಸಾರಿಸಿದ ತಳ, ಕೂತು ಕೂತು ನುಣುಪಾದ ಅಂಚು. ಪಕ್ಕದ ಗೂಡಿನಲ್ಲಿ ಅವನ ಕನ್ನಡಕ, ಮಡಚಿದ ಪೇಪರ್. ಕಾಲು ಬೇರೆಲ್ಲೂ ಒಗ್ಗುವುದಿಲ್ಲ, ಮಧ್ಯಾಹ್ನ ಪೇಪರ್ ಓದುವುದು ಇಲ್ಲೇ ಎಂದ. ಬೇಕಾದರೆ ನೀವೂ ಕೂರಿ ಎಂದ.

ಬೀಗರಾಗುವವರ ಮನೆ, ಮೊದಲ ಸಲ ಬಂದದ್ದು, ಎದುರಿಗೆ ಗಂಡಸರು. ಗಂಗಾದೇವಿ ಸೀರೆ ಸರಿಮಾಡಿಕೊಂಡು ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಪಾದಕ್ಕೆ ತಳದ ತಣ್ಣನೆಯ ನೆಲ ಸಿಕ್ಕಿತು. ಒಂದೂವರೆ ವರ್ಷದಿಂದ ಕಾಡುತ್ತಿದ್ದ ಮಂಡಿನೋವು ಎಲ್ಲಿ ಹೋಯಿತೋ. ಪದ್ಮಾವತಮ್ಮ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು, ತಾಂಬೂಲದ ತಟ್ಟೆಯನ್ನೂ ಅಲ್ಲಿಗೇ ತಂದಳು. ಯಶೋದಾಳ ಫೋನ್ ಬಂದಾಗ ಗಂಗಾದೇವಿ ಅಲ್ಲಿಂದಲೇ, ಕೆಡಲಿಲ್ಲ ಕಣಮ್ಮ ಎಂದಳು.

“ನಿಮ್ಮನೇದೂ ತೆಗ್ಸಿಬಿಡಿ,” ಎಂದ ಕೇಶವಯ್ಯ. “ಕೂರೋಕಾದ್ರೂ ಆಗುತ್ತೆ.”

“ನಮ್ಮದ್ರಲ್ಲಿ ಏನೈತೆ ಅಣ್ಣ,” ಎಂದಳು ಗಂಗಾದೇವಿ. “ಬರೀ ಇಟ್ಟಿಗೆ ಚೂರು.”

ತುಂಬಿಸುವ ದಿನ ತಾನೇ ಎದುರಿಗೆ ನಿಂತು, ಇನ್ನೂ ಹಾಕು, ಇನ್ನೂ ಹಾಕು ಎಂದದ್ದು ಅವಳಿಗೆ ನೆನಪಾಯಿತು. ಬಸ್ಸಿಗೆ ಹೊತ್ತಾಯಿತು ಎಂದು ತಮ್ಮ ಎರಡು ಸಲ ಕರೆದ. ಅವಳು ಕಾಲು ಎತ್ತಲಿಲ್ಲ.