ಮುಂದೆ ಹೋದ ಮದುವೆ

ಬೌದ್ಧ ಪದ್ಧತಿಯ ತನ್ನ ಮದುವೆಗೆ ಬಿಳಿ ಸೀರೆ ಕೊಳ್ಳಲು ಪ್ರಣಾಲಿ ಭಾಲ್ಕಿಯಿಂದ ಬೀದರಿಗೆ ಬಂದಿದ್ದಳು. ಅಂಗಡಿಯಲ್ಲಿದ್ದಾಗಲೇ ಮದುಮಗ ನಾಗಸೇನನ ಫೋನ್ ಬಂತು. ಗಡಿಯಲ್ಲಿ ಯುದ್ಧ ಶುರುವಾಗಿ, ಸೈನ್ಯದಲ್ಲಿದ್ದ ಅವನ ರಜೆ ರದ್ದಾಗಿತ್ತು. ನೆಂಟರಿಗೆಲ್ಲ ಬರಬೇಡಿರೆಂದು ಅವಳೇ ತಿಳಿಸಿದಳು.

ವಾರ ಕಳೆಯುವ ಮುಂಚೆಯೇ ಯುದ್ಧ ನಿಂತಿತೆಂದು ಟಿವಿ ಹೇಳಿತು. ಓಣಿಯವರು ಪೇಡೆ ಹಂಚಿದರು. ಪ್ರಣಾಲಿ ನಾಗಸೇನನಿಗೆ ಫೋನ್ ಹಚ್ಚಿದಳು.

"ನಿಂತದ ಅಂತಾರ. ಆದ್ರ ಇಲ್ಲಿಂದ ಅಲುಗಾಡಬ್ಯಾಡ್ರಿ ಅಂತನೂ ಅಂದಾರ," ಎಂದ ಅವನು.

"ಹಂಗಾದ್ರ ಮಂದಿಗಿ ಏನ್ ಹೇಳ್ಲಿರಿ?"

"ನನಗೂ ತಿಳೀವಲ್ದು."

ಪಕ್ಕದಲ್ಲಿದ್ದ ಪ್ರಣಾಲಿಯ ತಾಯಿ ಶಾಲುಬಾಯಿ ನಿಟ್ಟುಸಿರುಬಿಟ್ಟಳು. "ಎಪ್ಪತ್ತೊಂದರ ಲಡಾಯಿಗಿ ಹೋದ ನಮ್ಮ ಕಾಕಾ ಬರಲೇ ಇಲ್ಲ. ಕಾರ್ಗಿಲ್ ಮುಗೀತು ಅಂದಮ್ಯಾಲೂ, ಮಿಲಿಟ್ರ್ಯಾಗಿದ್ದ ನಿಮ್ಮಪ್ಪ ಮನಿಗಿ ಬರೋದ್ರಾಗ ನಿಮ್ಮಣ್ಣ ನಡೀಲಿಕ್ಕ ಹತ್ತಿದ್ದ."

ಮರುದಿನ ಪ್ರಣಾಲಿ ಬಸ್ ಹತ್ತಿ ಔರಾದಿನಲ್ಲಿದ್ದ ನಾಗಸೇನನ ತಾಯಿಯ ಬಳಿ ಹೋದಳು. ಆಕೆ ಬಾಗಿಲಲ್ಲೇ ಕೈಹಿಡಿದು, "ಖರೇನೇ ಮುಗೀತೇನವ್ವಾ?" ಎಂದಳು. ಪ್ರಣಾಲಿ ಆಕೆಯೊಡನೆ ಕೂತು ತೊಗರಿಬೇಳೆ ಆರಿಸತೊಡಗಿದಳು.

ಮಳೆಗಾಲ ಕಳೆದ ಮೇಲೆ ನಾಗಸೇನ ಬಂದ, ಮದುವೆಯಾಯಿತು. ರಜೆ ತೀರಿ ಅವನು ಹೊರಟಾಗ, ಈಗೇನೂ ಭಯವಿಲ್ಲವೆಂದು ಎಲ್ಲರೂ ಸಮಾಧಾನ ಹೇಳಿದರು. ನಂಬಬೇಕೋ ಬೇಡವೋ ತಿಳಿಯದೆ ಅವಳು ಸುಮ್ಮನೆ ತಲೆಯಾಡಿಸಿದಳು.