ಓವನ್ ಬಾಗಿಲು

ಬೇಕರಿಯಮ್ಮನ ಮಗಳು ವರ್ಷಗಳ ನಂತರ ಮನೆಗೆ ಬಂದಿದ್ದಳು, ಡಾಕ್ಟರ್ ಮಾತಿನಂತೆ ಗೋಧಿ, ಸಕ್ಕರೆ ಎರಡನ್ನೂ ಮುಟ್ಟದ ಪೇಲಿಯೋ ಪಥ್ಯ ಹಿಡಿದು. ಊರಿಗೆಲ್ಲ ಕೇಕ್ ತಿನ್ನಿಸಿದವಳಿಗೆ ಹೆತ್ತ ಮಗಳ ಬಾಯಿಗೆ ಒಂದು ತುಂಡು ಇಡುವ ಯೋಗವಿಲ್ಲವೇ? ತಾಯಿ ಹಟ ಹಿಡಿದು, ಮನೆಯಲ್ಲಿದ್ದ ಬಾದಾಮಿಯನ್ನೆಲ್ಲ ಪುಡಿಮಾಡಿ, ಖರ್ಜೂರ, ಮೊಟ್ಟೆ, ಕೊಬ್ಬರಿ ಎಣ್ಣೆ ಸೇರಿಸಿ ಓವನ್ನಿಗಿಟ್ಟಳು. ಘಮ ಏಳುವಾಗ ನೋಡಿಕೊಂಡರೆ ಬೆರಳಲ್ಲೆಲ್ಲ ಬಿಳಿ ಹಿಟ್ಟು. ಕೇಕ್ ಅಂಟದಿರಲೆಂದು, ರೂಢಿಯ ಕೈ ಟ್ರೇಗೆ ಮೈದಾ ಉದುರಿಸಿಬಿಟ್ಟಿತ್ತು.

"ಹಾಳಾದ ಕೈ! ಮೈದಾ ಬಿತ್ತು ಕಣೇ, ನೀನು ತಿನ್ನಬೇಡ."

ಮಗಳು ಚಿಕ್ಕಂದಿನಂತೆ ಓವನ್ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. "ಮೂಸಬೇಡ ಅಂತ ಡಾಕ್ಟರ್ ಹೇಳಿಲ್ಲ ಬಿಡಮ್ಮ."

ಕೇಕ್ ಬೇಯುವಾಗ ಆ ಬಾಗಿಲು ಮುಟ್ಟಿದವರಿಗೆಲ್ಲ ಜನ್ಮವಿಡೀ ಬೈದಿದ್ದ ತಾಯಿ, ಉಬ್ಬಿದ ಕೇಕ್ ಕುಸಿದರೆ ಕುಸಿಯಲಿ ಎಂದು ಅದನ್ನು ಪೂರ್ತಿ ತೆರೆದಳು.