ಅರ್ಧ ಚೊಂಬಿನ ಕಾನೂನು

"ಸಾರ್, ಬರೀ ಗಾಳಿ ಬತ್ತೈತೆ," ಎಂದ ಕದಿರೇಶ, ದಪ್ಪ ಪೈಪನ್ನು ಕ್ಯಾರವಾನಿನ ಹೊಟ್ಟೆಯಡಿಯಿಂದ ಎಳೆದು ಹಾಕುತ್ತಾ.

ಶ್ರೀನಿವಾಸಪುರದ ಮಾವಿನ ಮಂಡಿಗಳು ಮುಗಿಯುವ ಕಡೆ, ಹುಣಸೆ ಮರದ ಕೆಳಗೆ ಎರಡು ಗಾಡಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಒಂದು, ಊರವರ ಕಕ್ಕಸುಗುಂಡಿಗಳನ್ನೆಲ್ಲ ಹೀರಿಕೊಂಡು ತಿರುಗುವ ಕದಿರೇಶನ ಟ್ಯಾಂಕರು. ಇನ್ನೊಂದು ಅಮರನಾಥನ ಕ್ಯಾರವಾನು: ಒಳಗೇ ಮಂಚ, ಒಲೆ, ಕಮೋಡು ಎಲ್ಲ ಇರುವ, ಒಂದು ಕಾಲಕ್ಕೆ ಸಿನಿಮಾದವರು ಇಟ್ಟುಕೊಂಡಿದ್ದ ಹಳೇ ಬಸ್ಸು. ನಾಯಕಿಯರ ಮೇಕಪ್ಪು ಮುಗಿದು ಗಾಡಿಯೇ ಪ್ಯಾಕಪ್ಪಿಗೆ ಬಂದಾಗ ಅಮರನಾಥ ಅದನ್ನು ತನ್ನೂರು ಟೇಕಲ್ಲಿಗೆ ತಂದು ಮನೆ ಮುಂದೆ ನಿಲ್ಲಿಸಿದ್ದ.

ತಂದದ್ದು ಅಮ್ಮನಿಗಾಗಿ. ಸೊಂಟದ ಆಪರೇಷನ್ ಆದಮೇಲೆ ರಾಮಲಕ್ಷ್ಮಮ್ಮನಿಗೆ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಮನೆಯ ಕಕ್ಕಸೋ, ಕುಕ್ಕರಗಾಲಿನದೇ. "ಅತ್ತೆಗೊಂದು ಕಮೋಡು ಹಾಕ್ಸಿ ಅಂದ್ರೆ, ಕಮೋಡಿಗೆ ಚಕ್ರ ಹಾಕ್ಸ್ಕೊಂಡು ಬಂದವ್ರೆ," ಎಂದು ಹೆಂಡತಿ ಸುನಂದ ಬೀದಿಗೆಲ್ಲ ಹೇಳಿ ನಗಿಸಿದ್ದಳು. ಅಮ್ಮ ಇನ್ನು ಎಲ್ಲಿಗೆ ಬೇಕಾದರೂ ಹೋಗಬಹುದಲ್ಲ ಎಂಬುದು ಅಮರನಾಥನ ವಾದ. ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದವನು. ವಾದಕ್ಕೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ನೀರಿಗೆ. ನಲ್ಲಿ ಮುಂದೆ ಬಿಂದಿಗೆ ಸಾಲಿಟ್ಟು ಕಾದೇ ತಲೆ ನರೆತವಳು ರಾಮಲಕ್ಷ್ಮಮ್ಮ. ಗಾಡಿ ಬಂದ ದಿನವೇ ಕಾನೂನು ಮಾಡಿಬಿಟ್ಟಳು: "ಕಕ್ಕಸಿಗೆ ಅರ್ಧ ಚೊಂಬು. ಅದರ ಮೇಲೆ ಒಂದು ತೊಟ್ಟು ಬಿದ್ರೂ ನಾನು ಸುಮ್ಕಿರಲ್ಲ." ಅಮರನಾಥ ಆ ತಾಯಿಗೆ ಹುಟ್ಟಿದವನೇ ತಾನೆ? ಆ ಅರ್ಧ ಚೊಂಬೂ ದಂಡವಾಗಬಾರದೆಂದು ಕಮೋಡಿನ ಕೆಳಗಿನ ಟ್ಯಾಂಕಿನ ಗೇಟ್‌ವಾಲು ಸದಾ ತೆರೆದೇ ಇಟ್ಟು, ಪೈಪು ಹಾಕಿ ಬಾಳೆಗಿಡದ ಬುಡಕ್ಕೆ ಬಿಟ್ಟ. ನೀರು ಬಾಳೆಗೆ ಹೋಯಿತು. ನೀರಲ್ಲದ್ದು ಟ್ಯಾಂಕಿನಲ್ಲೇ ಉಳಿಯಿತು. ಬೇಸಿಗೆ ಪೂರ್ತಿ ಬಾಳೆ ಬೆಳೆಯಿತು, ಟ್ಯಾಂಕಿನೊಳಗೆ ಬೆಟ್ಟ ಬೆಳೆಯಿತು. ಟ್ಯಾಂಕು ತುಂಬಿದ್ದನ್ನು ತೋರಿಸುವ ಗೋಡೆಯ ಮೇಲಿನ ಮೀಟರು ಕೆಂಪು ದೀಪ ಹಚ್ಚಿ ಹಚ್ಚಿ ಸಾಕಾಗಿ ಕೆಟ್ಟೇ ಹೋಯಿತು.

ಈವತ್ತು ಬೆಳಿಗ್ಗೆ ರಾಯಲ್ಪಾಡಿನಿಂದ ನಂದೀಶ ಫೋನು ಮಾಡಿದ್ದ. ರಾಮಲಕ್ಷ್ಮಮ್ಮನ ತಮ್ಮ ಕೋದಂಡರಾಮಪ್ಪನ ಮಗ ಅವನು. "ಬಾವ, ಅಪ್ಪ ಮಾತಾಡ್ತಿಲ್ಲ. ಬಾಗಿಲ ಕಡೇನೇ ನೋಡ್ತಾವ್ರೆ. ಅತ್ತೇನ ಬಿರ್ರನೆ ಕರ್ಕೊಂಡು ಬಾ." ಬಿರ್ರನೆ ಹೊರಟದ್ದೂ ಆಯಿತು. ಆದರೆ ಕೋಲಾರ ದಾಟುವಷ್ಟರಲ್ಲಿ ರಸ್ತೆಯ ಹಳ್ಳಗಳು ಟ್ಯಾಂಕನ್ನು ಕುಲುಕಿ, ಒಳಗಿದ್ದದ್ದು ಕಮೋಡಿನ ಕತ್ತಿನವರೆಗೂ ಎದ್ದು ನಿಂತಿತು. ಸುನಂದ ಮುಚ್ಚಳ ಹಾಕಿ, ಹಳೇ ಸೀರೆಯಿಂದ ಬಿಗಿದು, ಮೇಲೆ ರಾಗಿಹಿಟ್ಟಿನ ಡಬ್ಬ ಹೇರಿದಳು.

"ಗಾಳಿ ಅಂದ್ರೆ? ಖಾಲಿ ಅಂತಾನಾ?" ಅಮರನಾಥ ಆಸೆಯಿಂದ ಕೇಳಿದ.

ಕದಿರೇಶ ಬಿದ್ದಿದ್ದ ಕೋಲೊಂದನ್ನು ಟ್ಯಾಂಕಿನ ಬಾಯಿಗೆ ಚುಚ್ಚಿ ಕೈ ಬಿಟ್ಟ. ಕೋಲು ಬೀಳಲಿಲ್ಲ.

"ಗಟ್ಟಿ ಗಚ್ಚು ಹಾಕ್ಸಿದಂಗೈತೆ ಸಾರ್. ನನ್ನ ಗಾಡಿ ಹೀರ್ತದೆ, ಅಗಿಯಕ್ಕಾಗಲ್ಲ."

"ಏನಾದ್ರೂ ಮಾಡಪ್ಪ."

"ನೀರು ತುಂಬ್ಸಿ ನೆನೆಹಾಕಿ ನೋಡಿ. ನೆಂದ್ರೆ ನೆಂತು, ಇಲ್ಲಾಂದ್ರೆ ನಂಗೂ ತೋಚಲ್ಲ." ಮಂಡಿಯಿಂದ ಯಾರೋ ಕೂಗಿದರೆಂದು ಕದಿರೇಶ ಪೈಪು ಸುತ್ತಿಕೊಂಡು ಹೊರಟೇಬಿಟ್ಟ.

ಅಮರನಾಥ ಕಿಟಕಿಗೆ ಬಂದು ನಿಂತ. "ಅಮ್ಮ, ಮಂಡಿಯೋರು ಒಂದೆರಡು ಡ್ರಮ್ಮು ನೀರು ಕೊಡ್ತಾರಂತೆ. ಸುರಿದು ನೋಡಾನ?"

"ಕುಡಿಯೋ ನೀರು ತಂದು ಅದಕ್ಕೆ ಸುರೀತೀಯೇನ್ಲಾ? ಬುದ್ಧಿ ಐತಾ? ನಡಿ, ನನ್ನ ತಮ್ಮನ್ನ ನೋಡ್ಬೇಕು."

"ನಿಂಗೆ ಮಧ್ಯದಲ್ಲಿ..."

"ನಂಗೇನೂ ಬಂದಿಲ್ಲ."

ಬಾರದಿರಲೆಂದೇ ಬೆಳಿಗ್ಗೆಯಿಂದ ಗುಟುಕು ನೀರೂ ಮುಟ್ಟಿರಲಿಲ್ಲ. ಸುನಂದ ಗಂಡನ ಮುಖ ನೋಡಿದಳು. ತಮಾಷೆಯ ಮಾತು ಅವಳಲ್ಲೂ ತೀರಿತ್ತು.

ರಾಯಲ್ಪಾಡಿನ ದಾರಿಯಲ್ಲಿ ಅಮರನಾಥ ಮೊಟ್ಟೆ ಹೊತ್ತವನಂತೆ ಗಾಡಿ ಓಡಿಸಿದ. ಒಂದೊಂದು ರೋಡ್‌ಹಂಪಿಗೂ ಹಿಂದಿನಿಂದ ಸಣ್ಣಗೆ ನರಳುವ ಸದ್ದು. ಕನ್ನಡಿಯಲ್ಲಿ ನೋಡಿದರೆ ಅಮ್ಮ ಕಣ್ಣು ಮುಚ್ಚಿ, ಮಂಚದ ಸರಳು ಹಿಡಿದು, ತುಟಿ ಕಚ್ಚಿ ಕೂತಿದ್ದಾಳೆ. ಬೇಗ ಹೋದರೆ ಕುಲುಕು, ನಿಧಾನ ಹೋದರೆ ಮಾವ ಸಿಗಲಿಕ್ಕಿಲ್ಲ. ಫ್ಯಾಕ್ಟರಿಯಲ್ಲಿ ಲೈನು ನಿಂತರೆ ಹತ್ತು ಜನರನ್ನು ಬೈಯುವವನಿಗೆ ಇಲ್ಲಿ ಬೈಯಲೂ ಯಾರೂ ಸಿಗಲಿಲ್ಲ.

"ಅಮರ," ಎಂದಳು ಅಮ್ಮ. ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. "ನಿಲ್ಸಪ್ಪ."

ಎಡಕ್ಕೆ ಟೊಮೆಟೊ ತೋಟ, ಬಲಕ್ಕೂ ಟೊಮೆಟೊ ತೋಟ. ಮೊಣಕಾಲೆತ್ತರದ ಗಿಡದ ಹಿಂದೆ ಯಾರು ತಾನೆ ಮರೆಯಾದಾರು? ಹಣ್ಣು ಬಿಡಿಸುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು.

"ಏಮಣ್ಣಾ, ಸಿನಿಮಾ ಗಾಡೀನಾ? ಹೀರೋಯಿನ್ ಎಲ್ಲವ್ಳೆ?" ಎಂದಳು ಮುಂದಿದ್ದವಳು. ತಲೆಗೆ ಟವೆಲು ಸುತ್ತಿಕೊಂಡಿದ್ದ ಅವಳನ್ನು ಉಳಿದವರು ಕೊಂಡಮ್ಮ ಎನ್ನುತ್ತಿದ್ದರು.

ಸುನಂದ ಇಳಿದು ಹೋಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಕೊಂಡಮ್ಮನ ನಗು ನಿಂತಿತು.

"ಸೊಂಟಾನಾ? ಅಯ್ಯೋ ಪಾಪ. ಲೇ ರಾಧಾ, ಆ ಕ್ರೇಟು ಎರಡು ತಾರೇ."

ಎರಡು ಟೊಮೆಟೊ ಕ್ರೇಟುಗಳನ್ನು ಬೋರಲು ಹಾಕಿ, ನಡುವೆ ಜಾಗ ಬಿಟ್ಟು, ಮೇಲೆ ಗೋಣಿಚೀಲ ಮಡಿಸಿ ಹಾಕಿದರು. ರಾಮಲಕ್ಷ್ಮಮ್ಮನನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ತಂದರು. ಆಪರೇಷನ್ ಆದಾಗಲೂ ಅಳದಿದ್ದವಳು ಮಗನ ಮುಂದೆ ಹಾದುಹೋಗುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹೆಂಗಸರು ಸುತ್ತ ನಿಂತು ಸೆರಗು ಬಿಚ್ಚಿ ಹರಡಿ ಹಿಡಿದರು.

"ಅಟು ತಿರುಗು ಅಣ್ಣಾ," ಎಂದಳು ಕೊಂಡಮ್ಮ.

ಅಮರನಾಥ ರಸ್ತೆಯ ಕಡೆ ತಿರುಗಿದ.

"ಯಾರಾದ್ರೂ ಬತ್ತಾವ್ರೇನೇ ಸುನಂದ?"

"ಯಾರೂ ಇಲ್ಲ ಅತ್ತೆ. ನೀವು ಕೂತ್ಕಳಿ, ನಾನು ಹಿಡ್ಕೊಂಡಿವ್ನಿ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಂದೀಶ. ಅಮರನಾಥ ನೋಡುತ್ತಾ ನಿಂತ. ಸದ್ದು ನಿಂತಿತು. ಮತ್ತೆ ಶುರುವಾಯಿತು.

"ಅಮರ, ಯಾರ್ಲಾ ಅದು? ನಂದೀಶನಾ?" ಸೆರಗುಗಳ ಒಳಗಿಂದ ಅಮ್ಮನ ದನಿ. "ಇನ್ನೇನು ಬಂದ್ವಿ ಅಂತ ಹೇಳು. ಅಕ್ಕ ಬತ್ತಾವ್ಳೆ ಅಂತ ಅವನ ಕಿವೀಲಿ ಹೇಳಕ್ಕೇಳು."

ಅಮರನಾಥ ಫೋನನ್ನು ಕಿವಿಗೆ ಇಟ್ಟುಕೊಂಡ.

"ಬಾವ," ಎಂದ ನಂದೀಶ. ಅವನ ಮನೆಯಲ್ಲಿ ಯಾರೋ ಗೊಳೋ ಎಂದು ಅಳುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು.

"ಹೇಳ್ದೇನ್ಲಾ?" ಎಂದಳು ಅಮ್ಮ.

ದೂರದ ತಿರುವಿನಲ್ಲಿ ಲಾರಿಯೊಂದು ಕಾಣಿಸಿತು. ಅವನ ಬೆನ್ನ ಹಿಂದೆ ಹೆಂಗಸರ ಬಳೆಗಳೆಲ್ಲ ಒಟ್ಟಿಗೆ ಸದ್ದಾದವು; ಸೆರಗುಗಳನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದರು.